ಬಲಿಪೀಠದ ಎದುರು ಕುಣಿತ: ಗೆರೆ ಎಳೆಯುವವರು ಯಾರು?

2025ರ ಮೇ 15ರಂದು ಜರ್ಮನಿಯ ಪಾಡರ್‌ಬಾರ್ನ್ ಕ್ಯಾಥೆಡ್ರಲ್‌ನಲ್ಲಿ ಒಂದು ದೊಡ್ಡ ಸಮಾರಂಭ ನಡೆಯಿತು. ವೆಸ್ಟ್‌ಫಾಲಿಯಾ ಪ್ರದೇಶದ ಹೆಸರು ಇತಿಹಾಸದ ದಾಖಲೆಯಲ್ಲಿ ಮೊದಲ ಬಾರಿ ಕಾಣಿಸಿಕೊಂಡು 1,250 ವರ್ಷಗಳಾದ ನೆನಪಿಗೆ ಏರ್ಪಾಟಾಗಿದ್ದ ಕಾರ್ಯಕ್ರಮ ಅದು. ಜರ್ಮನಿಯ ಅಧ್ಯಕ್ಷರೇ ಅತಿಥಿ. ಕಾರ್ಯಕ್ರಮದ ನಡುವೆ ಒಂದು ಸಮಕಾಲೀನ ನೃತ್ಯ ತಂಡ ಪ್ರದರ್ಶನ ನೀಡಿತು. ಅಂಗಿ ಇಲ್ಲದ ನರ್ತಕರು, ಕೈಯಲ್ಲಿ ಕುಡುಗೋಲು, ಜೊತೆಗೆ ಪುಕ್ಕ ಕಿತ್ತು ಡೈಪರ್ ತೊಡಿಸಿದ ಕೋಳಿಗಳು. ಇದೆಲ್ಲ ನಡೆದದ್ದು ಬಲಿಪೀಠದ ಹತ್ತಿರ. ವಿಡಿಯೊ ಹರಿದಾಡಿದ ಮೇಲೆ ಭಕ್ತರು ಸಿಟ್ಟಾದರು, ಸಹಿ ಸಂಗ್ರಹ ಶುರುವಾಯಿತು. ಧಾರ್ಮಿಕ ಭಾವನೆಗೆ ನೋವಾಗಿದ್ದರೆ ವಿಷಾದಿಸುತ್ತೇವೆ ಎಂದು ಆಯೋಜಕರು ಮತ್ತು ಕ್ಯಾಥೆಡ್ರಲ್‌ನ ಆಡಳಿತ ಇಬ್ಬರೂ ಹೇಳಬೇಕಾಯಿತು.

ನಾನು ಸಿವಿಲ್ ಎಂಜಿನಿಯರಿಂಗ್ ಮೂರನೇ ವರ್ಷದ ವಿದ್ಯಾರ್ಥಿನಿ. ಕಾಲೇಜಿನ ನೃತ್ಯ ತಂಡದಲ್ಲಿದ್ದೇನೆ. ನಮ್ಮ ತಂಡದಲ್ಲಿ ಇಬ್ಬರು ಕ್ರೈಸ್ತ ಗೆಳತಿಯರಿದ್ದಾರೆ. ಈ ವಿಡಿಯೊ ನೋಡಿ ಒಬ್ಬಳು, 'ಇದು ನಮ್ಮ ಮನೆಯೊಳಗೆ ಬಂದು ನಮ್ಮನ್ನೇ ಅಣಕಿಸಿದ ಹಾಗೆ' ಎಂದಳು. ಇನ್ನೊಬ್ಬಳು, 'ಕೋಳಿ ಬಿಡು, ಆದರೆ ಕುಣಿತವೇ ಬೇಡ ಅಂದರೆ ನಾನು ಒಪ್ಪಲ್ಲ' ಎಂದಳು. ಇಬ್ಬರೂ ಒಂದೇ ಚರ್ಚ್‌ಗೆ ಹೋಗುವವರು. ಈ ಎರಡು ಮಾತುಗಳ ನಡುವಿನ ಅಂತರವೇ ಈ ಲೇಖನ ಬರೆಯಲು ಕಾರಣ. ಪ್ರಾರ್ಥನೆಯ ಜಾಗದಲ್ಲಿ ಇಂದಿನ ನೃತ್ಯ, ಇಂದಿನ ಸಂಗೀತಕ್ಕೆ ಜಾಗ ಇದೆಯೇ? ಇದ್ದರೆ ಯಾವ ಷರತ್ತಿನ ಮೇಲೆ? ಆ ಷರತ್ತು ಹಾಕುವವರು ಯಾರು?

ಜಗಳ ಹೊಸದಲ್ಲ, ನಂಟೂ ಹೊಸದಲ್ಲ

ಇದು ರೀಲ್ಸ್ ಕಾಲದ ಹುಚ್ಚು ಎಂದುಕೊಂಡವರು ಬೈಬಲ್‌ನ ಹಳೆಯ ಒಡಂಬಡಿಕೆ ತೆರೆದು ನೋಡಬಹುದು. ಮಂಜೂಷವನ್ನು ಯೆರೂಸಲೇಮಿಗೆ ತರುವಾಗ ದಾವೀದ ರಾಜ ಮೈಮರೆತು ಕುಣಿಯುತ್ತಾನೆ. ಕಿಟಕಿಯಿಂದ ನೋಡಿದ ಹೆಂಡತಿ ಮೀಕಲಳಿಗೆ ಅದು ಅಸಹ್ಯ ಎನಿಸುತ್ತದೆ. ದೇವರ ಮುಂದೆ ಕುಣಿದವನೂ ಅದನ್ನು ನೋಡಿ ಮುಖ ಸಿಂಡರಿಸಿದವಳೂ ಒಂದೇ ಕಥೆಯಲ್ಲಿ, ಒಂದೇ ಮನೆಯಲ್ಲಿ ಇದ್ದಾರೆ. 1965ರ ಸೆಪ್ಟೆಂಬರ್‌ನಲ್ಲಿ ಜಾಝ್ ದಿಗ್ಗಜ ಡ್ಯೂಕ್ ಎಲಿಂಗ್ಟನ್ ಸ್ಯಾನ್ ಫ್ರಾನ್ಸಿಸ್ಕೊದ ಗ್ರೇಸ್ ಕ್ಯಾಥೆಡ್ರಲ್‌ನಲ್ಲಿ ತನ್ನ ಮೊದಲ 'ಪವಿತ್ರ ಸಂಗೀತ ಕಛೇರಿ' ನಡೆಸಿದಾಗ ಆರಿಸಿಕೊಂಡದ್ದೂ ಇದೇ ಕಥೆಯನ್ನು. ಬನ್ನಿ ಬ್ರಿಗ್ಸ್ ಎಂಬ ಟ್ಯಾಪ್ ನರ್ತಕ ಆ ವಾದ್ಯವೃಂದದ ಮುಂದೆ ದಾವೀದನ ಕುಣಿತವನ್ನು ಕುಣಿದ. ಕ್ಲಬ್ಬುಗಳ ಸಂಗೀತ ಎಂದು ದೂರವಿಟ್ಟಿದ್ದ ಜಾಝ್ ಹೀಗೆ ಕ್ಯಾಥೆಡ್ರಲ್‌ನ ಬಾಗಿಲು ದಾಟಿತು. 1973ರಲ್ಲಿ ಎಲಿಂಗ್ಟನ್ ಅಂಥದೇ ಮೂರನೆಯ ಕಛೇರಿಯನ್ನು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ನಡೆಸಿದ.

ಸಮಕಾಲೀನ ನೃತ್ಯದ ವಿಷಯಕ್ಕೆ ಬಂದರೆ ನಂಟು ಇನ್ನೂ ಆಳ. ಇಂದು ನಾವು 'ಕಂಟೆಂಪರರಿ' ಎಂದು ಕರೆಯುವ ನೃತ್ಯದ ಒಂದು ಮುಖ್ಯ ಕವಲು ಹುಟ್ಟಿದ್ದೇ ಚರ್ಚ್ ಒಂದರಲ್ಲಿ. ನ್ಯೂಯಾರ್ಕ್‌ನ ವಾಷಿಂಗ್ಟನ್ ಸ್ಕ್ವೇರ್ ಪಕ್ಕದ ಜಡ್ಸನ್ ಮೆಮೋರಿಯಲ್ ಚರ್ಚ್‌ನಲ್ಲಿ 1962ರ ಜುಲೈ 6ರಂದು ಕೆಲವು ಯುವ ಕಲಾವಿದರು ಒಂದು ಉಚಿತ ನೃತ್ಯ ಪ್ರದರ್ಶನ ನೀಡಿದರು. ಸಂಗೀತಗಾರ ಜಾನ್ ಕೇಜ್ ಅವರ ಶಿಷ್ಯ ರಾಬರ್ಟ್ ಡನ್ ನಡೆಸುತ್ತಿದ್ದ ತರಗತಿಯಿಂದ ಹೊರಬಂದವರು ಅವರು. ಯಿವಾನ್ ರೈನರ್, ಸ್ಟೀವ್ ಪ್ಯಾಕ್ಸ್‌ಟನ್, ಟ್ರಿಶಾ ಬ್ರೌನ್, ಲುಸಿಂಡಾ ಚೈಲ್ಡ್ಸ್ ಮುಂತಾದವರು ಈ ಬಳಗದಲ್ಲಿ ಬೆಳೆದರು. ನಡೆಯುವುದು, ಓಡುವುದು, ಕೂರುವುದು, ಭಾರ ಎತ್ತುವುದು ಕೂಡ ನೃತ್ಯ ಎಂದು ಇವರು ತೋರಿಸಿದರು. ನಾವು ಕಾಲೇಜು ಉತ್ಸವದಲ್ಲಿ ವೇದಿಕೆಯ ಮೇಲೆ ಸುಮ್ಮನೆ ನಡೆದು ಬಂದು ಬಿದ್ದು ಎದ್ದು 'ಇದು ಕಂಟೆಂಪರರಿ' ಎನ್ನುತ್ತೇವಲ್ಲ, ಆ ಧೈರ್ಯದ ಒಂದು ಬೇರು ಅಲ್ಲಿದೆ.

ಆ ಚರ್ಚ್ ಏಕೆ ಜಾಗ ಕೊಟ್ಟಿತು? ಅಲ್ಲಿನ ಹಿರಿಯ ಪಾದ್ರಿ ಹೋವರ್ಡ್ ಮೂಡಿ ಮತ್ತು ಸಹಾಯಕ ಪಾದ್ರಿ ಅಲ್ ಕಾರ್ಮೈನ್ಸ್ ಇಬ್ಬರೂ ಕಲೆಗೆ ಬಾಗಿಲು ತೆರೆಯುವುದು ಚರ್ಚ್‌ನ ಕೆಲಸವೇ ಎಂದು ನಂಬಿದ್ದರು. ಕಾರ್ಮೈನ್ಸ್ ಸ್ವತಃ ಸಂಗೀತ ಸಂಯೋಜಕ. ಅಲ್ಲಿ ಅದಾಗಲೇ ನಾಟಕವಿತ್ತು, ಚಿತ್ರಕಲಾ ಪ್ರದರ್ಶನವಿತ್ತು. ಅಂದರೆ ನೃತ್ಯ ಒಂದು ದಿನ ಇದ್ದಕ್ಕಿದ್ದಂತೆ ಬಂದು ಕೂರಲಿಲ್ಲ. ಸಭೆಯ ಜನಕ್ಕೆ ಕಲಾವಿದರ ಮುಖ ಪರಿಚಯವಿತ್ತು. ಇಂದಿಗೂ ಅದೇ ಚರ್ಚ್‌ನಲ್ಲಿ 'ಮೂವ್‌ಮೆಂಟ್ ರಿಸರ್ಚ್' ಸಂಸ್ಥೆಯ ಸೋಮವಾರದ ಉಚಿತ ಪ್ರದರ್ಶನಗಳ ಪರಂಪರೆ ಇದೆ. ಅದು ಶುರುವಾದದ್ದು 1991ರಲ್ಲಿ.

ಅದೇ ನಗರದ ಸೇಂಟ್ ಮಾರ್ಕ್ಸ್ ಚರ್ಚ್‌ನ ಕಥೆ ಇನ್ನೊಂದು ಬಗೆಯದು. 1799ರ ಕಟ್ಟಡ ಅದು. 1920ರ ದಶಕದಲ್ಲೇ ಅಲ್ಲಿನ ಪಾದ್ರಿ ವಿಲಿಯಂ ಗತ್ರಿ ಆರಾಧನೆಯ ಜೊತೆ ನೃತ್ಯ ಸೇರಿಸಿ ತಮ್ಮ ಬಿಷಪ್ ಜೊತೆ ಜಗಳ ಕಟ್ಟಿಕೊಂಡಿದ್ದರು. 1974ರಲ್ಲಿ ಅಲ್ಲಿ 'ಡ್ಯಾನ್ಸ್‌ಸ್ಪೇಸ್ ಪ್ರಾಜೆಕ್ಟ್' ಶುರುವಾಯಿತು. 1978ರಲ್ಲಿ ಬೆಂಕಿ ಬಿದ್ದು ಚರ್ಚ್ ಬಹುಪಾಲು ಹಾಳಾಯಿತು. ದುರಸ್ತಿಯಲ್ಲಿ ಸುತ್ತಲಿನ ಬಡಾವಣೆಯ ಯುವಕ ಯುವತಿಯರೇ ಕಟ್ಟಡದ ಕಸುಬು ಕಲಿತು ಕೈಜೋಡಿಸಿದರು. ಈಗ ಅಲ್ಲಿ ಸಾಲು ಬೆಂಚುಗಳಿಲ್ಲ, ತೆರೆದ ನೆಲವಿದೆ. ಆ ನೆಲದ ಮೇಲೆಯೇ ಪ್ರಾರ್ಥನೆ, ಅದರ ಮೇಲೆಯೇ ನೃತ್ಯ. ಐವತ್ತು ವರ್ಷ ಈ ಎರಡೂ ಒಟ್ಟಿಗೆ ಬಾಳಿವೆ ಎಂಬುದನ್ನು ಪಾಡರ್‌ಬಾರ್ನ್ ಬಗ್ಗೆ ಮಾತನಾಡುವಾಗ ಮರೆಯಬಾರದು. ಯುರೋಪಿನಲ್ಲೂ ಇಂಥ ಉದಾಹರಣೆ ಇದೆ. ನೃತ್ಯ ಸಂಯೋಜಕ ಜಾನ್ ನಾಯ್‌ಮೈಯರ್ 1980ರಲ್ಲಿ ಬಾಖ್‌ನ 'ಸೇಂಟ್ ಮ್ಯಾಥ್ಯೂ ಪ್ಯಾಶನ್' ಸಂಗೀತಕ್ಕೆ ಕಟ್ಟಿದ ಬ್ಯಾಲೆಯ ಮೊದಲ ರೂಪವನ್ನು ತೋರಿಸಿದ್ದು ಹ್ಯಾಂಬರ್ಗ್‌ನ ಸೇಂಟ್ ಮಿಖಾಯೆಲಿಸ್ ಚರ್ಚ್‌ನಲ್ಲಿ.

ಕಲ್ಲಿನ ಗೋಡೆ, ಸ್ಯಾಬಿನ್ ಸೂತ್ರ

ಕಲಾವಿದರಿಗೆ ಚರ್ಚ್ ಏಕೆ ಬೇಕು? ಬಾಡಿಗೆ ಕಡಿಮೆ ಎಂಬುದು ಒಂದು ಉತ್ತರ. ಇನ್ನೊಂದು ಉತ್ತರ ನಮ್ಮ ಮೊದಲ ವರ್ಷದ ಭೌತಶಾಸ್ತ್ರ ಪುಸ್ತಕದಲ್ಲಿದೆ.

ಹಾರ್ವರ್ಡ್‌ನ ವ್ಯಾಲೇಸ್ ಸ್ಯಾಬಿನ್ 1895ರ ಸುಮಾರಿಗೆ ಒಂದು ಉಪನ್ಯಾಸ ಕೊಠಡಿಯಲ್ಲಿ ಮಾತು ಕಲಸಿಹೋಗುವುದು ಏಕೆಂದು ಹುಡುಕಲು ಹೊರಟು, ಪಕ್ಕದ ರಂಗಮಂದಿರದ ಸೀಟಿನ ಮೆತ್ತೆಗಳನ್ನು ಹೊತ್ತು ತಂದು ಅಳತೆ ಮಾಡಿದ. ಹೊರಬಂದದ್ದು ನಮಗೆಲ್ಲ ಪರೀಕ್ಷೆಗೆ ಬರುವ ಸೂತ್ರ: ಅನುರಣನ ಕಾಲ = 0.161 × ಕೊಠಡಿಯ ಗಾತ್ರ ÷ ಒಟ್ಟು ಶಬ್ದ ಹೀರಿಕೆ. ಒಂದು ಲೆಕ್ಕ ಹಾಕೋಣ. 40 ಮೀಟರ್ ಉದ್ದ, 20 ಮೀಟರ್ ಅಗಲ, 15 ಮೀಟರ್ ಎತ್ತರದ ಒಂದು ಚರ್ಚ್ ಎಂದುಕೊಳ್ಳಿ. ಗಾತ್ರ 12,000 ಘನ ಮೀಟರ್. ಕಲ್ಲು, ಗಾರೆ, ಗಾಜು ಯಾವುದೂ ಶಬ್ದವನ್ನು ಹೆಚ್ಚು ಹೀರುವುದಿಲ್ಲ. ಒಟ್ಟು ಹೀರಿಕೆ 400 ಚದರ ಮೀಟರ್ ಎಂದಿಟ್ಟುಕೊಂಡರೆ ಅನುರಣನ ಕಾಲ ಸುಮಾರು 4.8 ಸೆಕೆಂಡು. 300 ಜನ ಬಂದು ಕೂತರೆ, ಒಬ್ಬೊಬ್ಬರಿಂದ ಅರ್ಧ ಚದರ ಮೀಟರ್‌ನಂತೆ 150 ಸೇರಿ, ಅದು 3.5 ಸೆಕೆಂಡಿಗೆ ಇಳಿಯುತ್ತದೆ. ಒಳ್ಳೆಯ ಸಂಗೀತ ಸಭಾಂಗಣದಲ್ಲಿ ಇದು ಸುಮಾರು 2 ಸೆಕೆಂಡು. ಮಾತು ಸ್ಪಷ್ಟವಾಗಿ ಕೇಳಬೇಕಾದ ತರಗತಿಯಲ್ಲಿ 1 ಸೆಕೆಂಡಿಗೂ ಕಡಿಮೆ ಇರಬೇಕು.

ಇದರ ಅರ್ಥ ಸರಳ. ನಿಧಾನವಾಗಿ ಹಾಡಿದ ಒಂದು ಸ್ವರ ಚರ್ಚ್‌ನಲ್ಲಿ ಗಾಳಿಯಲ್ಲೇ ನಿಂತು ಮುಂದಿನ ಸ್ವರದ ಜೊತೆ ಬೆರೆಯುತ್ತದೆ. ಸಮೂಹ ಗಾನ, ಆರ್ಗನ್, ಚೆಲ್ಲೊ, ಕೊಳಲಿಗೆ ಇದು ವರ. ಡ್ರಮ್ ಸೆಟ್ ಮತ್ತು ವೇಗದ ಬೀಟ್‌ಗೆ ಶಾಪ. ಒಂದು ಏಟಿನ ಬಾಲ ಇನ್ನೊಂದು ಏಟಿನ ತಲೆಗೆ ಸುತ್ತಿಕೊಳ್ಳುತ್ತದೆ. ನರ್ತಕರಿಗೆ ಇನ್ನೊಂದು ತೊಂದರೆ. 40 ಮೀಟರ್ ದೂರದ ಆರ್ಗನ್‌ನಿಂದ ಶಬ್ದ ಬರಲು ಸುಮಾರು 0.12 ಸೆಕೆಂಡು ಬೇಕು. ನಿಮಿಷಕ್ಕೆ 120 ತಾಳದ ಹಾಡಿನಲ್ಲಿ ಅದು ಕಾಲು ತಾಳ. ಕಿವಿಯನ್ನೇ ನಂಬಿ ಹೆಜ್ಜೆ ಹಾಕಿದರೆ ಬಾಗಿಲ ಬಳಿಯ ನರ್ತಕಿ ಮತ್ತು ಆರ್ಗನ್ ಬಳಿಯ ನರ್ತಕಿ ಬೇರೆ ಬೇರೆ ಹಾಡಿಗೆ ಕುಣಿದಂತೆ ಕಾಣುತ್ತಾರೆ.

ಹಾಗಾಗಿ ಚರ್ಚ್‌ಗೆಂದೇ ಕಟ್ಟಿದ ಪ್ರದರ್ಶನಗಳು ಬೇರೆಯೇ ಆಗಿರಬೇಕಾಗುತ್ತದೆ. ಲಯ ನಿಧಾನವಾಗುತ್ತದೆ, ಮೌನಕ್ಕೆ ಬೆಲೆ ಬರುತ್ತದೆ, ಕಾಲಿನ ಸಪ್ಪಳವೇ ವಾದ್ಯವಾಗುತ್ತದೆ. ಸಭಾಂಗಣಕ್ಕೆ ಕಟ್ಟಿದ್ದನ್ನು ಸ್ಪೀಕರ್ ಸಮೇತ ಹಾಗೆಯೇ ತಂದು ಇಳಿಸಿದರೆ ಅದು ಕೆಟ್ಟ ಕಲೆಯೂ ಹೌದು, ಕೆಟ್ಟ ಎಂಜಿನಿಯರಿಂಗ್ ಕೂಡ ಹೌದು. ಜೊತೆಗೆ ಕಲ್ಲಿನ ನೆಲದ ಮೇಲೆ ಹಾರಿದರೆ ಮಂಡಿ, ಹಿಮ್ಮಡಿ ಉಳಿಯುವುದಿಲ್ಲ. ಮೇಲೊಂದು ಮರದ ನೆಲ ಹಾಸಬೇಕು. ಬೆಂಚು ತೆಗೆದರೆ ಭಾರದ ಲೆಕ್ಕವೂ ಬದಲಾಗುತ್ತದೆ. ಕೂರುವ ಆಸನ ನೆಲಕ್ಕೆ ಬಿಗಿದಿರುವ ಸಭಾಸ್ಥಳಕ್ಕೆ ನಮ್ಮ ಐಎಸ್ 875 ಸಂಹಿತೆ ಚದರ ಮೀಟರ್‌ಗೆ 4 ಕಿಲೋನ್ಯೂಟನ್ ಭಾರ ಲೆಕ್ಕ ಹಿಡಿಯಲು ಹೇಳುತ್ತದೆ, ಬಿಗಿದಿಲ್ಲದಿದ್ದರೆ 5. ಜನ ಒತ್ತೊತ್ತಾಗಿ ನಿಲ್ಲಬಹುದು, ಒಟ್ಟಾಗಿ ಕುಣಿಯಬಹುದು ಎಂಬುದೇ ಕಾರಣ. ಹಳೆಯ ಮರದ ಅಟ್ಟವಿರುವ ಕಟ್ಟಡದಲ್ಲಿ ಇದು ಬರೀ ಪುಸ್ತಕದ ಮಾತಲ್ಲ.

ಖಾಲಿಯಾಗುತ್ತಿರುವ ಬೆಂಚುಗಳು

ಇನ್ನು ಹಣದ ವಿಷಯ. ಪಶ್ಚಿಮ ಯುರೋಪಿನಲ್ಲಿ ಚರ್ಚ್‌ಗೆ ಬರುವವರು ಕಡಿಮೆಯಾಗುತ್ತಿದ್ದಾರೆ. ಜರ್ಮನಿಯಲ್ಲಿ 2022ರ ಒಂದೇ ವರ್ಷ 5.2 ಲಕ್ಷಕ್ಕೂ ಹೆಚ್ಚು ಮಂದಿ ಅಧಿಕೃತವಾಗಿ ಕ್ಯಾಥೊಲಿಕ್ ಚರ್ಚ್ ತೊರೆದರು. ಅಲ್ಲಿ ಸದಸ್ಯರಿಂದ ಚರ್ಚ್ ತೆರಿಗೆ ಸಂಗ್ರಹವಾಗುವುದರಿಂದ ಒಬ್ಬ ಸದಸ್ಯ ಹೋದರೆ ಆದಾಯವೂ ಹೋಗುತ್ತದೆ. ಆದರೆ ಚಾವಣಿ ಸೋರುವುದು ನಿಲ್ಲುವುದಿಲ್ಲ. ಇಂಗ್ಲೆಂಡಿನ ಚರ್ಚ್‌ಗೆ ಸುಮಾರು 16,000 ಕಟ್ಟಡಗಳಿವೆ, ಬಹುಪಾಲು ಸಂರಕ್ಷಿತ ಪಟ್ಟಿಯಲ್ಲಿರುವಂಥವು. ಕೆಡವುವಂತಿಲ್ಲ, ಕಾಪಾಡಲು ಹಣವಿಲ್ಲ.

ಇದಕ್ಕೆ ಕಂಡುಕೊಂಡ ದಾರಿ ಎರಡು. ಒಂದು, ಪ್ರಾರ್ಥನೆ ನಿಂತುಹೋದ ಕಟ್ಟಡವನ್ನು ಪೂರ್ತಿಯಾಗಿ ಕಲೆಗೆ ಬಿಟ್ಟುಕೊಡುವುದು. ಆಮ್‌ಸ್ಟರ್‌ಡ್ಯಾಮ್‌ನ ಪ್ಯಾರಡೈಸೊ 1968ರಿಂದ ಪಾಪ್ ಸಂಗೀತದ ತಾಣ. ಅದಕ್ಕೂ ಮೊದಲು ಒಂದು ಸ್ವತಂತ್ರ ಧಾರ್ಮಿಕ ಸಭೆಯ ಮಂದಿರ. ಲಂಡನ್ನಿನ ಸೇಂಟ್ ಜಾನ್ಸ್ ಸ್ಮಿತ್ ಸ್ಕ್ವೇರ್ 1941ರಲ್ಲಿ ಬಾಂಬಿಗೆ ಸುಟ್ಟು, 1969ರಲ್ಲಿ ಸಂಗೀತ ಸಭಾಂಗಣವಾಗಿ ಮತ್ತೆ ತೆರೆಯಿತು. ಬರ್ಲಿನ್ನಿನ ಸೇಂಟ್ ಎಲಿಜಬೆತ್ ಚರ್ಚ್ ಯುದ್ಧದಲ್ಲಿ ಪಾಳುಬಿದ್ದು ಈಗ ನೃತ್ಯ ಸಂಗೀತಗಳ ಜಾಗ. ಇಲ್ಲಿ ಜಗಳ ಕಡಿಮೆ, ಏಕೆಂದರೆ ಅಲ್ಲಿ ಮಂಡಿಯೂರುವ ಭಕ್ತರೇ ಈಗ ಇಲ್ಲ.

ಎರಡನೆಯ ದಾರಿ ಕಷ್ಟದ್ದು. ಪ್ರಾರ್ಥನೆಯೂ ನಡೆಯಬೇಕು, ಸಂಜೆ ಟಿಕೆಟ್ ಇಟ್ಟು ಕಾರ್ಯಕ್ರಮವೂ ನಡೆಯಬೇಕು. 2024ರ ಫೆಬ್ರುವರಿಯಲ್ಲಿ ಕ್ಯಾಂಟರ್‌ಬರಿ ಕ್ಯಾಥೆಡ್ರಲ್‌ನಲ್ಲಿ ಎರಡು ರಾತ್ರಿ 'ಸೈಲೆಂಟ್ ಡಿಸ್ಕೊ' ನಡೆಯಿತು. ಸಾವಿರಾರು ಜನ ಹೆಡ್‌ಫೋನ್ ಹಾಕಿಕೊಂಡು 90ರ ದಶಕದ ಹಾಡಿಗೆ ಕುಣಿದರು. ಹೊರಗೆ ಕೆಲವರು ಪ್ರಾರ್ಥಿಸುತ್ತ ಪ್ರತಿಭಟಿಸಿದರು. ಹೊಸ ತಲೆಮಾರು ಒಳಗೆ ಬರಲಿ ಎಂಬುದು ಒಂದು ವಾದ. ಬಂದವರು ಕಟ್ಟಡವನ್ನು ನೋಡಿದರೇ ಹೊರತು ಅದು ಇರುವ ಕಾರಣವನ್ನಲ್ಲ ಎಂಬುದು ಇನ್ನೊಂದು. ನನಗೆ ಎರಡನೆಯ ವಾದದಲ್ಲಿ ಹುರುಳಿದೆ ಅನಿಸುತ್ತದೆ. ಆ ಡಿಸ್ಕೊ ಯಾವ ಮಾಲ್‌ನಲ್ಲಾದರೂ ನಡೆಯಬಹುದಿತ್ತು. ಎಲಿಂಗ್ಟನ್ ಕಛೇರಿ ಹಾಗಲ್ಲ.

ನಿಯಮ ಏನು ಹೇಳುತ್ತದೆ?

ಕ್ಯಾಥೊಲಿಕ್ ಚರ್ಚ್‌ನಲ್ಲಿ ಈ ಬಗ್ಗೆ ಲಿಖಿತ ನಿಯಮವಿದೆ. 1983ರ ಧರ್ಮಸಂಹಿತೆಯ 1210ನೇ ನಿಯಮದ ಪ್ರಕಾರ ಪವಿತ್ರ ಸ್ಥಳದಲ್ಲಿ ಆರಾಧನೆ, ಭಕ್ತಿ, ಧರ್ಮಕ್ಕೆ ಪೂರಕವಾದದ್ದಕ್ಕೆ ಮಾತ್ರ ಅವಕಾಶ. ಬೇರೆ ಬಳಕೆಗೆ ಬಿಷಪ್ ಆಯಾ ಸಂದರ್ಭ ನೋಡಿ ಒಪ್ಪಿಗೆ ಕೊಡಬಹುದು, ಆದರೆ ಅದು ಸ್ಥಳದ ಪಾವಿತ್ರ್ಯಕ್ಕೆ ವಿರುದ್ಧವಾಗಿರಬಾರದು. 1987ರ ನವೆಂಬರ್ 5ರಂದು ವ್ಯಾಟಿಕನ್ ಚರ್ಚ್‌ಗಳಲ್ಲಿ ನಡೆಯುವ ಕಛೇರಿಗಳ ಬಗ್ಗೆಯೇ ಒಂದು ಪತ್ರ ಹೊರಡಿಸಿತು. ಸಂಗೀತ ಎಷ್ಟೇ ಸುಂದರವಾಗಿದ್ದರೂ ಅಷ್ಟರಿಂದಲೇ ಅದು ಧಾರ್ಮಿಕವಾಗುವುದಿಲ್ಲ, ಮೊದಲೇ ಬರೆದು ಅನುಮತಿ ಕೇಳಬೇಕು, ಪ್ರವೇಶ ಉಚಿತವಾಗಿರಬೇಕು, ಕಲಾವಿದರು ಬಲಿಪೀಠದ ಆವರಣವನ್ನು ವೇದಿಕೆ ಮಾಡಿಕೊಳ್ಳಬಾರದು ಎಂಬಂಥ ಸೂಚನೆಗಳು ಅದರಲ್ಲಿವೆ. ಪ್ರವೇಶ ಉಚಿತ ಎಂಬ ಷರತ್ತು ನನಗೆ ಹಿಡಿಸಿತು. ಪವಿತ್ರ ಜಾಗದಲ್ಲಿ ಕಲೆ ನಡೆಯುವುದಾದರೆ ಬಾಗಿಲಲ್ಲಿ ಹಣ ಕೇಳಬೇಡಿ ಎಂಬುದು ಕಲೆಗೂ ಗೌರವ ತರುವ ಮಾತು.

ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಕ್ಯಾಥೊಲಿಕರಿಗೆ ಪರಮಪ್ರಸಾದ ಇಟ್ಟಿರುವ ಚರ್ಚ್ ಪೂಜೆ ಇಲ್ಲದ ಹೊತ್ತಿನಲ್ಲೂ ಖಾಲಿ ಅಲ್ಲ. ಅಲ್ಲಿ ಕ್ರಿಸ್ತ ಇದ್ದಾನೆ ಎಂಬುದು ನಂಬಿಕೆ. ಅನೇಕ ಪ್ರೊಟೆಸ್ಟೆಂಟ್ ಪಂಗಡಗಳಿಗೆ ಕಟ್ಟಡ ಎಂದರೆ ಸಭೆ ಸೇರುವ ಮನೆ, ಸಭೆಯೇ ಮುಖ್ಯ. ಬ್ಯಾಪ್ಟಿಸ್ಟ್ ಹಿನ್ನೆಲೆಯ ಜಡ್ಸನ್‌ನಲ್ಲಿ ಸಾಧ್ಯವಾದದ್ದು ಪಾಡರ್‌ಬಾರ್ನ್‌ನಲ್ಲಿ ಏಕೆ ಇಷ್ಟು ನೋಯಿಸಿತು ಎಂಬುದಕ್ಕೆ ಅರ್ಧ ಉತ್ತರ ಇಲ್ಲಿದೆ. 'ಅಮೆರಿಕದಲ್ಲಿ ಆಯ್ತಲ್ಲ, ಇಲ್ಲೇಕೆ ಬೇಡ' ಎಂದು ಕೇಳುವ ಮೊದಲು ಯಾವ ಚರ್ಚ್, ಯಾರ ಚರ್ಚ್ ಎಂದು ಕೇಳಿಕೊಳ್ಳಬೇಕು.

ಅನುಮತಿ ಇದ್ದರೂ ಬಾಗಿಲು ಮುಚ್ಚಿದಾಗ

ಅನುಮತಿಯ ಪ್ರಶ್ನೆ ಎರಡೂ ಕಡೆಯಿಂದ ಕೈಕೊಟ್ಟ ಉದಾಹರಣೆಗಳಿವೆ. 2023ರ ಅಕ್ಟೋಬರ್ 31ರಂದು ಪಾಪ್ ಗಾಯಕಿ ಸಬ್ರಿನಾ ಕಾರ್ಪೆಂಟರ್ ಅವರ 'ಫೆದರ್' ಹಾಡಿನ ವಿಡಿಯೊ ಬಂತು. ಅದರ ಒಂದು ಭಾಗ ಬ್ರೂಕ್ಲಿನ್‌ನ ಕ್ಯಾಥೊಲಿಕ್ ಚರ್ಚ್ ಒಂದರ ಬಲಿಪೀಠದ ಮುಂದೆ ಚಿತ್ರೀಕರಣವಾಗಿತ್ತು. ಸ್ಥಳೀಯ ಪಾದ್ರಿಯ ಒಪ್ಪಿಗೆ ಇತ್ತು. ಆದರೆ ದೃಶ್ಯ, ಚಿತ್ರಕಥೆಯನ್ನು ಮೊದಲೇ ಪರಿಶೀಲಿಸಬೇಕೆಂಬ ಧರ್ಮಪ್ರಾಂತ್ಯದ ನಿಯಮ ಪಾಲನೆಯಾಗಿರಲಿಲ್ಲ. ಬಿಷಪ್ ಪ್ರಾಯಶ್ಚಿತ್ತದ ಬಲಿಪೂಜೆ ಅರ್ಪಿಸಿದರು, ಪಾದ್ರಿಯ ಆಡಳಿತ ಜವಾಬ್ದಾರಿ ಹೋಯಿತು.

ಫ್ರಾನ್ಸ್‌ನಲ್ಲಿ ಇದರ ತಿರುಗುಮುರುಗು. ಅಲ್ಲಿ 1905ರ ಕಾನೂನಿನ ನಂತರ ಹಳೆಯ ಚರ್ಚ್ ಕಟ್ಟಡಗಳು ಊರಿನ ಪುರಸಭೆಯ ಸ್ವತ್ತು, ಕ್ಯಾಥೆಡ್ರಲ್‌ಗಳು ಸರ್ಕಾರದ ಸ್ವತ್ತು. ಆದರೆ ಪ್ರಾರ್ಥನೆಗೆ ಮೀಸಲಾದ್ದರಿಂದ ಒಳಗೆ ಕಛೇರಿ ನಡೆಸಲು ಅಲ್ಲಿನ ಪಾದ್ರಿಯ ಒಪ್ಪಿಗೆ ಬೇಕು. ಕಟ್ಟಡ ಸಾರ್ವಜನಿಕರದ್ದು, ಬಳಕೆ ಭಕ್ತರದ್ದು. 2021ರ ಡಿಸೆಂಬರ್‌ನಲ್ಲಿ ಸ್ವೀಡನ್ನಿನ ಆನಾ ಫಾನ್ ಹೌಸ್‌ವೋಲ್ಫ್ ನಾಂತ್ ನಗರದ ಚರ್ಚ್‌ನಲ್ಲಿ ಆರ್ಗನ್ ನುಡಿಸಬೇಕಿತ್ತು. ಅನುಮತಿ ಇತ್ತು. ಆದರೂ ಒಂದು ಗುಂಪು ಬಾಗಿಲಿಗೆ ಅಡ್ಡ ನಿಂತು ಇದು ಸೈತಾನನ ಸಂಗೀತ ಎಂದಿತು, ಕಛೇರಿ ರದ್ದಾಯಿತು. 2023ರ ಮೇನಲ್ಲಿ ಕಾರ್ನಾಕ್ ಎಂಬ ಊರಿನ ಚರ್ಚ್‌ನಲ್ಲಿ ಕ್ಯಾಲಿ ಮಲೋನ್ ಅವರ ಆರ್ಗನ್ ಕಛೇರಿಗೂ ಅದೇ ಗತಿ. ಈ ಎರಡೂ ಕಡೆ ಕೋಳಿಯೂ ಇರಲಿಲ್ಲ, ಅರೆಬೆತ್ತಲೆ ನರ್ತಕರೂ ಇರಲಿಲ್ಲ. ಇದ್ದದ್ದು ಚರ್ಚ್‌ನದೇ ವಾದ್ಯ, ನಿಧಾನ ಸಂಗೀತ.

ಈ ಪ್ರಕರಣಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದಾಗ ನನಗೆ ಕಾಣುವುದು ಇಷ್ಟು. ಪಾಡರ್‌ಬಾರ್ನ್ ಮತ್ತು ಬ್ರೂಕ್ಲಿನ್‌ನಲ್ಲಿ ಆ ಜಾಗದಲ್ಲಿ ದಿನಾ ಪ್ರಾರ್ಥಿಸುವವರಿಗೆ ಏನು ನಡೆಯಲಿದೆ ಎಂಬುದು ಗೊತ್ತಿರಲಿಲ್ಲ. ಒಂದು ಸಂಜೆಗಾಗಿ ಬಂದವರು ಮಾಡಿ ಹೋದರು. ಜಡ್ಸನ್ ಮತ್ತು ಸೇಂಟ್ ಮಾರ್ಕ್ಸ್‌ನಲ್ಲಿ ಕಲಾವಿದರು ಅಲ್ಲೇ ಉಳಿದರು, ಸಭೆಯ ಜೊತೆ ಬೆಳೆದರು. ನಾಂತ್, ಕಾರ್ನಾಕ್‌ನಲ್ಲಿ ಮಾತ್ರ ಒಪ್ಪಿಗೆ ಪಡೆದವರನ್ನು, ಒಪ್ಪಿಗೆ ಕೊಡುವ ಅಧಿಕಾರವೇ ಇಲ್ಲದವರು ತಡೆದರು. ಮೊದಲನೆಯದು ಅತಿಥಿಯ ತಪ್ಪು. ಕೊನೆಯದು ಬಾಗಿಲಲ್ಲಿ ನಿಂತ ಗುಂಪಿನ ತಪ್ಪು. ಎರಡನ್ನೂ 'ಭಾವನೆಗೆ ಧಕ್ಕೆ' ಎಂಬ ಒಂದೇ ಚೀಲಕ್ಕೆ ತುಂಬುವುದು ಸರಿಯಲ್ಲ.

ಮೊದಲೇ ತೋರಿಸಿ ಒಪ್ಪಿಗೆ ಪಡೆಯಬೇಕೆಂದರೆ ಅದು ಸೆನ್ಸಾರ್ ಅಲ್ಲವೇ ಎಂದು ಕೇಳಬಹುದು. ನನ್ನ ಉತ್ತರ: ಬೀದಿಯಲ್ಲಿ, ಬಾಡಿಗೆ ಸಭಾಂಗಣದಲ್ಲಿ ಹಾಗೆ ಕೇಳಿದರೆ ಸೆನ್ಸಾರ್. ಇನ್ನೊಬ್ಬರು ಮಂಡಿಯೂರುವ ನೆಲದ ಮೇಲೆ ಕೇಳಿದರೆ ಅದು ಮನೆಯವರ ಹಕ್ಕು. ಷರತ್ತು ಹಿಡಿಸದಿದ್ದರೆ ಬೇರೆ ಜಾಗ ಹುಡುಕುವ ಸ್ವಾತಂತ್ರ್ಯ ಕಲಾವಿದರಿಗಿದೆ. ಆ ಬೇರೆ ಜಾಗ ಇರುವಂತೆ ನೋಡಿಕೊಳ್ಳುವುದು ಮಾತ್ರ ಸಮಾಜದ ಹೊಣೆ.

ನಮ್ಮ ನೆಲದಲ್ಲಿ

ಕರ್ನಾಟಕಕ್ಕೆ ಈ ಚರ್ಚೆ ಪರಕೀಯವಲ್ಲ. ಬೇಲೂರಿನ ನವರಂಗದ ನಡುವಿನ ದುಂಡು ಜಗಲಿಯನ್ನು ನೋಡಿದವರಿಗೆ ಪೂಜೆ ಮತ್ತು ನೃತ್ಯ ಒಂದೇ ಸೂರಿನಡಿ ಇದ್ದವು ಎಂದು ವಿವರಿಸಬೇಕಿಲ್ಲ. ಅದರ ಇನ್ನೊಂದು ಮುಖವೂ ನಮಗೆ ಗೊತ್ತು. ದೇವರ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ಶೋಷಿಸಿದ ಪದ್ಧತಿಯನ್ನು ನಿಲ್ಲಿಸಲು 1982ರಲ್ಲಿ ರಾಜ್ಯ ಕಾನೂನನ್ನೇ ತರಬೇಕಾಯಿತು. ಪವಿತ್ರ ಜಾಗದಲ್ಲಿ ಕುಣಿಯುವವರ ಘನತೆಯ ಪ್ರಶ್ನೆ, ನೋಡುವವರ ಭಾವನೆಯ ಪ್ರಶ್ನೆಯಷ್ಟೇ ದೊಡ್ಡದು.

ಚರ್ಚ್‌ನ ಒಳಗೂ ಇಲ್ಲಿ ಪ್ರಯೋಗ ನಡೆದಿದೆ. ಎರಡನೇ ವ್ಯಾಟಿಕನ್ ಮಹಾಸಭೆಯ ಬಳಿಕ ಬೆಂಗಳೂರಿನಲ್ಲಿ 1960ರ ದಶಕದಲ್ಲಿ ಶುರುವಾದ ರಾಷ್ಟ್ರೀಯ ಬೈಬಲ್, ಧರ್ಮಬೋಧನೆ ಮತ್ತು ಆರಾಧನಾ ಕೇಂದ್ರ, ಭಾರತೀಯ ಸಂಗೀತ, ಆರತಿ, ನೃತ್ಯವನ್ನು ಕ್ರೈಸ್ತ ಆರಾಧನೆಯ ಹತ್ತಿರ ತಂದಿತು. ಮಂಗಳೂರು ಮೂಲದ ಫ್ರಾನ್ಸಿಸ್ ಬರ್ಬೋಜ ಭರತನಾಟ್ಯ ಕಲಿತು ಕ್ರೈಸ್ತ ಕಥೆಗಳಿಗೆ ಬೇಕಾದ ಹೊಸ ಮುದ್ರೆಗಳನ್ನು ರೂಪಿಸಿದರು. ಇದನ್ನೂ ವಿರೋಧಿಸಿದವರಿದ್ದರು. 1975ರಲ್ಲೇ ವ್ಯಾಟಿಕನ್‌ನ ಆರಾಧನಾ ವಿಭಾಗ, ನೃತ್ಯವೆಂದರೆ ಮನರಂಜನೆ ಎಂದೇ ತಿಳಿಯುವ ಪಾಶ್ಚಾತ್ಯ ಸಂಸ್ಕೃತಿಯಲ್ಲಿ ಅದನ್ನು ಪೂಜೆಯೊಳಗೆ ತರಲಾಗದು ಎಂದಿತ್ತು. ಅದೇ ಚರ್ಚ್ 1988ರಲ್ಲಿ ಆಫ್ರಿಕಾದ ಝೈರ್ ದೇಶಕ್ಕೆ ಲಯಬದ್ಧ ಚಲನೆಯಿರುವ ಪೂಜಾಕ್ರಮವನ್ನು ಒಪ್ಪಿತು. ಅಂದರೆ ಗೆರೆ ಎಲ್ಲ ಕಡೆ ಒಂದೇ ಅಲ್ಲ. ನೃತ್ಯಕ್ಕೆ ಆ ಜನ ಕೊಡುವ ಅರ್ಥದ ಮೇಲೆ ಅದು ಸರಿಯುತ್ತದೆ.

ಆದರೆ ಯುರೋಪಿಗೂ ನಮಗೂ ಒಂದು ದೊಡ್ಡ ವ್ಯತ್ಯಾಸವಿದೆ. ಅಲ್ಲಿ ಚರ್ಚ್ ಬಹುಸಂಖ್ಯಾತರ ಹಳೆಯ ಮನೆ. ಇಲ್ಲಿ ಅದು ಅಲ್ಪಸಂಖ್ಯಾತರ ಮನೆ. 2008ರ ಸೆಪ್ಟೆಂಬರ್‌ನಲ್ಲಿ ಕರಾವಳಿಯಲ್ಲಿ ಚರ್ಚ್‌ಗಳ ಮೇಲೆ ದಾಳಿ ನಡೆದದ್ದು ನನ್ನ ಗೆಳತಿಯರ ಮನೆಗಳಲ್ಲಿ ಇನ್ನೂ ಮಾತಿಗೆ ಬರುತ್ತದೆ. ಬೀಗ ಭದ್ರವಾಗಿದೆಯೇ ಎಂದು ನೋಡಿಕೊಳ್ಳಬೇಕಾದವರಿಗೆ 'ಬಾಗಿಲು ತೆರೆಯಿರಿ, ಕಲೆಗೆ ಜಾಗ ಕೊಡಿ' ಎಂದು ಹೊರಗಿನ ನಾವು ಗಟ್ಟಿ ದನಿಯಲ್ಲಿ ಕೇಳುವುದು ಸಲ್ಲದು. ಹಾಸನದ ಬಳಿ ಹೇಮಾವತಿ ಹಿನ್ನೀರಿನಲ್ಲಿ ನಿಂತಿರುವ ಶೆಟ್ಟಿಹಳ್ಳಿಯ ಪಾಳು ಚರ್ಚ್‌ಗೆ ಹೋಗಿ ಫೋಟೊಶೂಟ್ ಮಾಡಿಸಿಕೊಳ್ಳುವವರು ಗೋಡೆ ಹತ್ತಿ ಹೆಸರು ಕೆತ್ತದಿದ್ದರೆ ಅದೇ ದೊಡ್ಡ ಉಪಕಾರ. ಮಂಗಳೂರಿನ ಸೇಂಟ್ ಅಲೋಶಿಯಸ್ ಚಾಪೆಲ್‌ನಂಥ, ಗೋಡೆ ಚಾವಣಿಯ ತುಂಬ ಅಂತೋನಿಯೊ ಮೊಸ್ಕೇನಿಯ ನೂರು ವರ್ಷ ಮೀರಿದ ಚಿತ್ರಗಳಿರುವ ಕಡೆ ದೊಡ್ಡ ಸ್ಪೀಕರ್, ಬಿಸಿ ದೀಪ ಇಳಿಸುವ ಯೋಚನೆಯನ್ನೇ ಮಾಡಬಾರದು. ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಂ ಕೂಡ ನೆನಪಿರಲಿ: ಧಾರ್ಮಿಕ ಭಾವನೆ ಕೆರಳಿಸಲೆಂದೇ ದುರುದ್ದೇಶದಿಂದ ಮಾಡಿದ ಕೃತ್ಯಕ್ಕೆ ಮೂರು ವರ್ಷದವರೆಗೆ ಜೈಲು.

ಹಾಗಾದರೆ ನಮ್ಮ ತಂಡದಂಥವರು ಎಲ್ಲಿ ಕುಣಿಯಬೇಕು? ಇದು ನಿಜವಾದ ಪ್ರಶ್ನೆ. ಕಳೆದ ವರ್ಷ ನಾವು ಒಂದು ಖಾಸಗಿ ಸಭಾಂಗಣ ವಿಚಾರಿಸಿದೆವು. ಒಂದು ಸಂಜೆಯ ಬಾಡಿಗೆ ನಮ್ಮ ತಂಡದ ವರ್ಷದ ಖರ್ಚಿಗಿಂತ ಹೆಚ್ಚಿತ್ತು. ನಾವು ಅಭ್ಯಾಸ ಮಾಡುವುದು ಹಾಸ್ಟೆಲ್ ಕೆಳಗಿನ ಪಾರ್ಕಿಂಗ್ ಜಾಗದಲ್ಲಿ, ಬೈಕ್‌ಗಳನ್ನು ಪಕ್ಕಕ್ಕೆ ತಳ್ಳಿ. ಜಡ್ಸನ್ ಕಥೆಯಿಂದ ನಾವು ಕಲಿಯಬೇಕಾದ್ದು ಚರ್ಚ್‌ನೊಳಗೇ ಕುಣಿಯಬೇಕು ಎಂಬುದಲ್ಲ. ಒಂದು ಸಂಸ್ಥೆ ತನ್ನ ಖಾಲಿ ಜಾಗವನ್ನು, ಖಾಲಿ ಸಂಜೆಯನ್ನು ಹಣವಿಲ್ಲದ ಯುವಕರಿಗೆ ವರ್ಷಗಟ್ಟಲೆ ಕೊಟ್ಟರೆ ಒಂದು ಕಲೆಯ ದಿಕ್ಕೇ ಬದಲಾಗಬಹುದು ಎಂಬುದು. ಹಾಗೆ ನೋಡಿದರೆ ನಮ್ಮ ಪ್ರತಿ ಊರಲ್ಲೂ ಚರ್ಚ್‌ಗಳ ಪಕ್ಕದ ಸಭಾಭವನ, ಮಠಗಳ ಕಲ್ಯಾಣ ಮಂಟಪ, ಸಮುದಾಯ ಭವನ, ಸಂಜೆ ಐದಕ್ಕೆ ಬೀಗ ಬೀಳುವ ಕಾಲೇಜು ಸೆಮಿನಾರ್ ಹಾಲ್ ಇವೆ. ಇವು ಯಾವುವೂ ಪೂಜೆಯ ಜಾಗವಲ್ಲ. ಇಲ್ಲಿಂದ ಶುರು ಮಾಡಿದರೆ ಯಾರ ನೋವಿಗೂ ಕಾರಣವಾಗದೆ ಪರಿಚಯ ಬೆಳೆಯುತ್ತದೆ. ಪರಿಚಯ ಬೆಳೆದ ಮೇಲೆ ಒಳಗಿನ ಬಾಗಿಲು ತೆರೆಯಬೇಕೇ ಬೇಡವೇ ಎಂಬುದನ್ನು ಮನೆಯವರೇ ಹೇಳಲಿ.

ಅಂಥ ಜಾಗ ಇರುವ ಸಂಸ್ಥೆಗಳಿಗೆ ನನ್ನ ಕೋರಿಕೆ ಒಂದೇ ಪುಟದ್ದು. ಯಾರಿಗೆ ಕೊಡುತ್ತೀರಿ, ಎಷ್ಟು ದಿನ ಮೊದಲು ಕೇಳಬೇಕು, ಏನನ್ನು ತೋರಿಸಿ ಒಪ್ಪಿಗೆ ಪಡೆಯಬೇಕು, ಎಷ್ಟು ಶಬ್ದ, ಎಷ್ಟು ಜನ, ಎಷ್ಟು ಹೊತ್ತಿ‌ನವರೆಗೆ, ಬಾಡಿಗೆ ಎಷ್ಟು ಎಂದು ಬರೆದು ಬಾಗಿಲಿಗೆ ಅಂಟಿಸಿ. ಬರೆದ ನಿಯಮ ಇದ್ದರೆ ಕೇಳುವವರಿಗೂ ಧೈರ್ಯ, ಒಪ್ಪಿದ ಮೇಲೆ ಯಾರೋ ಬಂದು ಅಡ್ಡ ನಿಂತರೆ ಕೊಟ್ಟವರಿಗೂ ಆಧಾರ.

ಓದುತ್ತಿರುವ, ಕೆಲಸ ಹುಡುಕುತ್ತಿರುವ ನಮ್ಮಂಥವರಿಗೂ ಇದರಲ್ಲಿ ಕೆಲಸವಿದೆ. ಹಳೆಯ ಕಟ್ಟಡದ ತಾಳಿಕೆ ಪರೀಕ್ಷಿಸುವುದು, ಧ್ವನಿ ಅಳೆಯುವುದು, ಮೊಳೆ ಹೊಡೆಯದೆ ತಾತ್ಕಾಲಿಕ ನೆಲ ಹಾಸುವುದು, ಬೆಂಕಿ ಸುರಕ್ಷತೆ ನೋಡುವುದು, ದೀಪ ಮತ್ತು ಧ್ವನಿ ನಿರ್ವಹಿಸುವುದು, ಎರಡು ಕಡೆಯವರನ್ನು ಕೂರಿಸಿ ಮಾತನಾಡಿಸುವುದು: ಇವೆಲ್ಲ ಕಲಿಯಬಹುದಾದ ಕಸುಬುಗಳು. ಸೇಂಟ್ ಮಾರ್ಕ್ಸ್ ಸುಟ್ಟಾಗ ಅದನ್ನು ಎತ್ತಿ ನಿಲ್ಲಿಸಲು ನೆರವಾದ ಹುಡುಗ ಹುಡುಗಿಯರು ಹೀಗೆಯೇ ಕೆಲಸ ಕಲಿತರು. ನಮ್ಮ ತಂಡ ಈ ವರ್ಷ ಕಾಲೇಜಿನ ಸೆಮಿನಾರ್ ಹಾಲ್‌ಗಾಗಿ ಅರ್ಜಿ ಹಾಕಿದೆ, ಜೊತೆಗೆ ಆ ಹಾಲ್‌ನ ಅನುರಣನ ಕಾಲದ ಲೆಕ್ಕವನ್ನೂ ಲಗತ್ತಿಸಿದ್ದೇವೆ. ನಿಮ್ಮ ಕಾಲೇಜಿನಲ್ಲೂ ಸಂಜೆ ಐದರ ನಂತರ ಬೀಗ ಹಾಕಿದ ಹಾಲ್ ಇದ್ದೇ ಇರುತ್ತದೆ. ಕೀಲಿ ಯಾರ ಬಳಿ ಇದೆ ಎಂದು ನಾಳೆಯೇ ವಿಚಾರಿಸಿ.